ಮೊದಲು ಅಂಗೈ, ಆಮೇಲೆ ಮದುವೆ

ಮದುವೆ ಫೋಟೊ ತೆಗೆಯುವವರಿಗೆ ಹೊಟ್ಟೆ ಕೆಡುತ್ತದೆ ಎಂದು ಯಾವ ವಿಡಿಯೊದಲ್ಲೂ ಹೇಳಿಕೊಡುವುದಿಲ್ಲ. ನನಗೆ ಅದನ್ನು ತೋರಿಸಿಕೊಟ್ಟವರು ಸಹಕಾರನಗರದಲ್ಲಿ ಚಿಕ್ಕದೊಂದು ಸ್ಟುಡಿಯೊ ಇಟ್ಟುಕೊಂಡಿದ್ದವರು. ನಾನು ಹುಟ್ಟುವ ಮುಂಚಿನಿಂದ ಮದುವೆ ತೆಗೆಯುತ್ತಿದ್ದ ಆ ಮನುಷ್ಯ, ಪ್ರತಿ ಮುಹೂರ್ತಕ್ಕೂ ಮುಂಚೆ ಕಲ್ಯಾಣಮಂಟಪದಲ್ಲಿ ಟಾಯ್ಲೆಟ್ ಎಲ್ಲಿದೆ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ವಾಪಸು ಬಂದು, ಟವೆಲಿನಲ್ಲಿ ಮುಖ ಒರೆಸಿಕೊಂಡು, ಒಂದಿಷ್ಟೂ ಸಂಕೋಚವಿಲ್ಲದೆ ಹೇಳುತ್ತಿದ್ದರು: "ಎದ್ರಿಕೆ ಇರ್ಬೇಕು ಕಣಮ್ಮ. ಎದ್ರಿಕೆ ಬಿಟ್ಟೋದ್ ದಿನ ಕ್ಯಾಮೆರಾ ಮಾರ್ಬಿಡ್ಬೇಕು."

ಅವರು ತೀರಿಕೊಂಡು ಎರಡು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಅವರ ವಿಷಯದಲ್ಲಿ ಹೇಳಲೇಬೇಕಾದ ಸಂಗತಿಯೊಂದನ್ನು ಅವರು ಬಹಳ ಕಾಲ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದರು. ಈಗ ಅದನ್ನು ಹೇಳುತ್ತಿರುವಾಗ ಹೆಸರನ್ನಾದರೂ ಅವರಿಗೇ ಬಿಟ್ಟುಕೊಡೋಣ ಅನ್ನಿಸುತ್ತದೆ.

ನಾನು ಅವರನ್ನು ಮೊದಲು ಕಂಡದ್ದು ಮೆಮೊರಿ ಕಾರ್ಡ್ ಕೊಳ್ಳಲು ಹೋದಾಗ. ಶಾಲೆಯೊಂದರ ಆಫೀಸಿನ ಕೆಲಸ ಬಿಟ್ಟು, ಫೋಟೊಗ್ರಫಿ ಕಲಿಯುತ್ತೇನೆಂದು ಮನೆಯಲ್ಲಿ ಜಗಳವಾಡಿ ಕ್ಯಾಮೆರಾ ತಂದಿದ್ದೆ. ಜಗಳವಾಡಿ ತಂದ ಸಾಮಾನು ಮನೆಯಲ್ಲಿ ಸುಮ್ಮನೆ ಕೂತರೆ ಏನೇನು ಕೇಳಬೇಕಾಗುತ್ತದೆ ಎನ್ನುವುದು ಮದುವೆಯಾದವರಿಗೆಲ್ಲ ಗೊತ್ತು. ಆ ಭಯಕ್ಕೇ ನಾನು ದಿನವೂ ವಿಡಿಯೊಗಳನ್ನು ನೋಡಿ, ಅರ್ಧಂಬರ್ಧ ತಿಳಿದುಕೊಂಡು, ಬಹಳ ತಿಳಿದವಳ ಹಾಗೆ ಅಂಗಡಿಯೊಳಗೆ ಹೋದೆ.

"ದೊಡ್ಡ ಕಾರ್ಡ್ ಕೊಡಿ ಸಾರ್. ನಾನು ರಾ ತೆಗೀತೀನಿ."

"ಯಾಕಮ್ಮ?"

"ಪ್ರೊಫೆಷನಲ್ಸ್ ಎಲ್ಲಾ ರಾನೇ ತೆಗೆಯೋದಂತೆ. ಜೆಪೆಗ್‌ನಲ್ಲಿ ಕ್ವಾಲಿಟಿ ಹೋಗ್ಬಿಡುತ್ತಂತೆ."

"ಅಂಗಾ. ಇಲ್ಲೀಗಂಟ ಏನೇನ್ ತೆಗ್ದಿದ್ದೀರ?"

"ಮನೆ ಮುಂದಿನ ದಾಸವಾಳ. ಆಮೇಲೆ ನಮ್ಮ ಬೀದಿ ನಾಯಿ."

"ನಾಯಿ ಕೇಳ್ತಾ, ರಾನೇ ಬೇಕು ಅಂತ?"

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆತ ನಗಲಿಲ್ಲ. ಕೌಂಟರಿನ ಆಚೆಯಿಂದ ಸ್ಟೂಲು ತಳ್ಳಿ, ಕೂರಿ ಅಂದರು. "ನೋಡಿ, ಎರಡೂ ಕ್ಯಾಮೆರಾ ಫೋಟೋ ಬರ್ಕೊಳ್ಳೋ ತರಾನೇ. ರಾ ಅಂದ್ರೆ ರುಬ್ಬಿಟ್ಟಿರೋ ದೋಸೆ ಇಟ್ಟು. ಜೆಪೆಗ್ ಅಂದ್ರೆ ಉಯ್ದಿರೋ ದೋಸೆ. ಇಟ್ಟಾದ್ರೆ ಆಮೇಲೂ ಉಪ್ಪು ಆಕ್ಬೋದು, ನೀರು ಆಕ್ಬೋದು. ದೋಸೆ ಸೀದೋದ್ರೆ ಸೀದೋಯ್ತು, ಅಷ್ಟೇಯ."

"ಹಂಗಾದ್ರೆ ಹಿಟ್ಟೇ ಒಳ್ಳೇದಲ್ವಾ ಸಾರ್?"

"ಅಸ್ಕೊಂಡ್ ಬಂದವ್ರ ಎಲೆಗೆ ಇಟ್ಟು ಬಡಿಸ್ತೀರಾ?"

ಅವರು ಚಿಕ್ಕ ಕಾರ್ಡನ್ನೇ ಕೊಟ್ಟು, ಭಾನುವಾರ ಕೊಡಿಗೇಹಳ್ಳಿಯಲ್ಲೊಂದು ನಾಮಕರಣವಿದೆ, ಬಂದು ಲೈಟ್ ಹಿಡಿದುಕೊಳ್ಳಿ ಅಂದರು. ಆ ಭಾನುವಾರದ ಮಧ್ಯಾಹ್ನದ ಹೊತ್ತಿಗೆ 'ನೀವು' ಹೋಗಿ 'ನೀನು' ಆಗಿತ್ತು. ಆಮೇಲೆ ವರ್ಷಗಟ್ಟಲೆ ನಾನು ಅವರ ಲೈಟ್ ಹಿಡಿದೆ.

ಅವರು ತೆಗೆಯುತ್ತಿದ್ದದ್ದು ಜೆಪೆಗ್ ಮಾತ್ರ. ಆಮೇಲೆ ಸರಿ ಮಾಡಬಹುದು ಅಂದುಕೊಂಡು ತೆಗೆದರೆ ಕೈ ಸೋಮಾರಿಯಾಗುತ್ತದೆ ಎನ್ನುವುದು ಅವರ ವಾದ. ತಾಳಿ ಕಟ್ಟುವುದು ಒಂದೇ ಸಲ, ಬೆಳಕನ್ನು ಅಷ್ಟರೊಳಗೆ ನೋಡಿಕೊಂಡಿರಬೇಕು. ಅದಕ್ಕಾಗಿಯೇ ಅವರಿಗೊಂದು ಪದ್ಧತಿಯಿತ್ತು. ಮಂಟಪ ಹತ್ತಿದ ಕೂಡಲೇ, ಮದುಮಕ್ಕಳು ಕೂರುವ ಜಾಗದಲ್ಲಿ ತಮ್ಮ ಎಡ ಅಂಗೈಯನ್ನು ಬೆಳಕಿಗೆ ಹಿಡಿದು, ಬಲಗೈಯಲ್ಲಿ ಅದರ ಫೋಟೊ ತೆಗೆಯುತ್ತಿದ್ದರು. "ಮುಖ ಕಪ್ಪಿರ್ಲಿ, ಕೆಂಪಿರ್ಲಿ, ಅಂಗೈ ಎಲ್ಲಾರ್ದೂ ಎಚ್ಚುಕಮ್ಮಿ ಒಂದೇ ಬಣ್ಣ. ಇದು ಸರಿಯಾಗ್ ಬಂತು ಅಂದ್ರೆ ಉಡ್ಗಿ ಮುಖಾನೂ ಸರಿಯಾಗ್ ಬತ್ತದೆ." ಅವರ ಹಾರ್ಡ್ ಡಿಸ್ಕಿನಲ್ಲಿ ಯಾವ ಮದುವೆ ತೆರೆದರೂ ಮೊದಲ ಚಿತ್ರ ಅಂಗೈಯದೇ. ಗಣಪತಿ ಪೂಜೆಯದು ಅದರ ನಂತರ.

ಅರ್ಧ ತೋಳಿನ ಬಿಳಿ ಶರಟು, ಅದಕ್ಕೆ ಹೇಳಿ ಹೊಲಿಸಿದ ಎರಡು ಜೇಬು, ಎರಡಕ್ಕೂ ಗುಂಡಿ. ಎಡಗಡೆ ಖಾಲಿ ಕಾರ್ಡು, ಬಲಗಡೆ ತುಂಬಿದ ಕಾರ್ಡು. ಊಟಕ್ಕೆ ಕೂತಾಗಲೂ ಎಡಗೈ ಬಲಜೇಬಿನ ಮೇಲೇ ಇರುತ್ತಿತ್ತು. ಪಾಯಸ ಬಡಿಸುವವರು ಎದೆ ನೋವಾ ಯಜಮಾನ್ರೇ ಎಂದು ಕೇಳಿದ್ದೂ ಉಂಟು.

ಅವರದು ಅಮೃತಹಳ್ಳಿಯ ಹಳೆಯ ಮನೆತನ. ಹೊಲ ಇದ್ದಲ್ಲೆಲ್ಲ ಸೈಟುಗಳಾದವು. ಅಣ್ಣ ಬಿಲ್ಡಿಂಗ್‌ಗಳನ್ನು ಕಟ್ಟಿಸಿ ದೊಡ್ಡ ಮನುಷ್ಯರಾದರು. ಇವರು ತಮ್ಮ ಪಾಲಿಗೆ ಬಂದದ್ದನ್ನೂ ಅಣ್ಣನಿಗೇ ಒಪ್ಪಿಸಿ, ಅಣ್ಣನ ಬಿಲ್ಡಿಂಗಿನ ಕೆಳಗಿನ ಮಳಿಗೆಯಲ್ಲಿ ಸ್ಟುಡಿಯೊ ಇಟ್ಟರು. ಅಣ್ಣ ಬಂದಾಗಲೆಲ್ಲ ಒಂದೇ ಮಾತು: "ಎಲ್ಲಾರ್ ಕೈಯಾಗೂ ಫೋನ್ ಐತೆ. ನಿನ್ಗ್ಯಾಕೋ ಈ ಕ್ಯಾಮೆರಾ ಪಜೀತಿ? ಬಾಗ್ಲಾಕಿ ಮನೇಲಿ ಆರಾಮಾಗಿರು." ಇವರು ಹೂಂಗುಟ್ಟಿ, ಯಾರದೋ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತ ಕೂರುತ್ತಿದ್ದರು. ಅಣ್ಣನದು ಕೆಟ್ಟ ಮನಸ್ಸಲ್ಲ. ತಮ್ಮನಾದವನು ಕ್ಯಾಮೆರಾ ಹೊತ್ತು ಯಾರಯಾರದೋ ಮದುವೆಯಲ್ಲಿ ನಿಲ್ಲುವುದು ಅವರಿಗೆ ಅವಮಾನ ಅನ್ನಿಸುತ್ತಿತ್ತು, ಅಷ್ಟೆ.

ನನಗೆ ಅನುಮಾನ ಶುರುವಾದದ್ದು ಟೀ ಲೋಟದಿಂದ. ಅವರು ಲೋಟವನ್ನು ಮೇಜಿನ ಅಂಚಿಗೆ ಇಟ್ಟರು, ಅದು ಬಿತ್ತು. ಕೈ ಜಾರಿತು ಅಂದರು. ಇನ್ನೊಂದು ದಿನ ಲೋಟ ಇಡುವ ಮೊದಲು ಮೇಜನ್ನು ಬೆರಳಿನಿಂದ ಸವರಿ ನೋಡಿದ್ದನ್ನು ಕಂಡೆ. ಸ್ಕೂಟರ್ ಓಡಿಸುವುದನ್ನು ಬಿಟ್ಟರು. ಹೆಬ್ಬಾಳದ ಟ್ರಾಫಿಕ್ಕು ಸಾಕಾಯ್ತು ಅಂದರು. ಆ ಮಾತನ್ನು ಯಾರು ಹೇಳಿದರೂ ನಂಬಬಹುದು, ನಾನೂ ನಂಬಿದೆ. ನಂಬಿದೆ ಅನ್ನುವುದಕ್ಕಿಂತ, ನಂಬದಿದ್ದರೆ ಮುಂದೇನು ಎಂದು ಯೋಚಿಸಲು ಹೆದರಿದೆ. ಅವರಿಗೆ ಶುಗರ್ ಇದ್ದದ್ದು ಗೊತ್ತಿತ್ತು. ಆದರೆ ನಮ್ಮ ಕಡೆ ಯಾರಿಗಿಲ್ಲ ಅದು.

ಅಷ್ಟರಲ್ಲಿ ಅವರ ಅಣ್ಣನ ಮಗಳ ಮದುವೆ ಬಂತು. ಯಲಹಂಕದ ಹತ್ತಿರ ದೊಡ್ಡ ಕಲ್ಯಾಣಮಂಟಪ. ಅಣ್ಣ ಬೇರೆ ಯಾರೋ ದೊಡ್ಡ ಫೋಟೊಗ್ರಾಫರನ್ನು ಮಾತಾಡಿದ್ದರು. ಅದನ್ನು ತಪ್ಪಿಸಿದ್ದು ಹಾಸಿಗೆ ಹಿಡಿದಿದ್ದ ಅವರ ತಾಯಿ. ಮದುವೆಗೆ ಬರುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. "ನಾನು ನೋಡಾದು ಫೋಟೋದಾಗೇ ತಾನೆ. ನನ್ ಮಗ ತೆಗ್ದಿದ್ದೇ ನೋಡೋದು" ಎಂದು ಹಟ ಹಿಡಿದರು. ಅಣ್ಣ ಒಪ್ಪಿ, ತಮ್ಮನಿಗೆ ಒಂದೇ ಒಂದು ಮಾತು ಹೇಳಿದರು: ತಾಳಿ ಕಟ್ಟಿದ ಕೂಡಲೇ ಆ ಫೋಟೊ ಅವ್ವನಿಗೆ ಹೋಗಬೇಕು.

ಮದುವೆಯ ಬೆಳಿಗ್ಗೆ ಅವರು ಕ್ಯಾಮೆರಾ ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದರು: "ರಾಗೆ ಆಕ್ಬಿಡಮ್ಮ ಇವತ್ತು."

"ರಾ? ನೀವಾ?"

"ಊಂ. ಆಕು."

"ಎರಡೂ ಹಾಕ್ಲಾ ಸಾರ್? ರಾ ಜೊತೆ ಜೆಪೆಗ್?"

"ಬ್ಯಾಡ. ಅಳೇ ಕ್ಯಾಮೆರಾ, ಎರಡೂ ಬರ್ಕೊಳ್ಳಾಕ್ ಓಗಿ ತಾಳಿ ಟೈಮ್ನಾಗೆ ನಿಂತ್ಕೊಂಡ್ಬಿಟ್ರೆ?"

ಆ ಕ್ಯಾಮೆರಾದ ಮೆನು ಅವರಿಗೆ ಬಾಯಿಪಾಠ. ಅದನ್ನು ನನ್ನ ಕೈಗೆ ಕೊಟ್ಟದ್ದು ಯಾಕೆ ಎಂದು ನಾನು ಕೇಳಲಿಲ್ಲ. ಅವರು ಮಂಟಪ ಹತ್ತಿ ಅಂಗೈ ಹಿಡಿದು ಒಂದು ಫೋಟೊ ತೆಗೆದರು. ಹಿಂದಿನ ಪರದೆಯಲ್ಲಿ ಅದನ್ನು ನೋಡುವ ಬದಲು ನನ್ನ ಕಡೆ ತಿರುಗಿಸಿ, "ಎಂಗೈತೆ?" ಅಂದರು. "ಸರಿಯಾಗಿದೆ ಸಾರ್" ಅಂದೆ. ಆ ದಿನ ಟಾಯ್ಲೆಟ್ಟಿಗೆ ನಾನೂ ಹೋಗಿಬಂದೆ.

ಮುಹೂರ್ತದ ಹೊತ್ತಿಗೆ ಮಂಟಪದ ಸುತ್ತ ಜನ ಮುಗಿಬಿದ್ದರು. ಎಲ್ಲರ ಕೈಯೂ ಮೇಲೆ, ಕೆಲವರ ಕೈಯಲ್ಲಿ ಅಕ್ಷತೆ, ಮಿಕ್ಕವರ ಕೈಯಲ್ಲಿ ಫೋನು. ಲೈಟ್ ಹಿಡಿದಿದ್ದ ನನ್ನನ್ನು ಯಾರೋ ಅತ್ತೆಯೋ ದೊಡ್ಡಮ್ಮನೋ ಮೊಣಕೈಯಿಂದ ತಿವಿದು ಮೆಟ್ಟಿಲ ಕೆಳಗೇ ಇಳಿಸಿಬಿಟ್ಟರು. ಗಟ್ಟಿಮೇಳ ಶುರುವಾಯಿತು. ನಾನು ಎಗರೆಗರಿ ನೋಡಿದರೂ ಅವರ ಬಿಳಿ ಶರಟಿನ ಭುಜ ಬಿಟ್ಟು ಬೇರೇನೂ ಕಾಣಲಿಲ್ಲ.

ಗದ್ದಲ ಇಳಿದ ಮೇಲೆ ಅಣ್ಣ ಬಂದರು. ಹಿಂದೆ ಲ್ಯಾಪ್‌ಟಾಪ್ ಹಿಡಿದ, ಅಳಿಯನ ಕಡೆಯ ಹುಡುಗನೊಬ್ಬ. "ಕಾರ್ಡ್ ಕೊಡೋ. ಅವ್ವ ಫೋನ್ ಮೇಲ್ ಫೋನ್ ಮಾಡಿಸ್ತಾವ್ಳೆ. ಫೋನಾಗಿನ್ ಫೋಟೋ ಕಳ್ಸಿದ್ರೆ, ಇದ್ರಾಗೆ ಬರೀ ಜನಗಳ ಕೈ ಐತೆ, ನನ್ ಮಗ ತೆಗ್ದಿದ್ದು ಎಲ್ಲಿ ಅಂತಾಳೆ."

ಇವರು ಬಲಜೇಬಿನ ಗುಂಡಿ ಬಿಚ್ಚಿದರು. ಕಾರ್ಡ್ ಲ್ಯಾಪ್‌ಟಾಪಿಗೆ ಹೋಯಿತು. ಪರದೆಯ ಮೇಲೆ ಬಿಳಿ ಹಾಳೆಯಂಥ ಗುರುತುಗಳು ಸಾಲಾಗಿ ಬಂದವು. ಒಂದರಲ್ಲೂ ಮುಖವಿಲ್ಲ. ಒತ್ತಿದರೆ ತೆರೆಯಲೂ ಇಲ್ಲ.

"ಅಂಕಲ್, ಇದ್ರಲ್ಲಿ ಒಂದು ಫೋಟೋನೂ ಇಲ್ಲ" ಅಂದ ಆ ಹುಡುಗ.

ಅಣ್ಣ ತಮ್ಮನ ಮುಖ ನೋಡಿದರು. ಅಷ್ಟು ದೊಡ್ಡ ದನಿಯ ಮನುಷ್ಯ ಪಿಸುಗುಟ್ಟಿದರು: "ಏನೋ ಮಾಡಿದ್ದೀಯ? ಮಗೂ ಮದ್ವೆ ಕಣೋ."

ನನ್ನ ಗುರುವಿನ ಎಡಗೈ ಬಂದು ನನ್ನ ದುಪಟ್ಟದ ತುದಿಯನ್ನು ಹಿಡಿದುಕೊಂಡಿತು. ನಾನೇ ಮಾತಾಡಬೇಕಾಯಿತು. "ಇದೆ ಸಾರ್, ಎಲ್ಲಾ ಇದೆ. ರಾ ಫೈಲು, ಇದ್ರಲ್ಲಿ ಓಪನ್ ಆಗಲ್ಲ. ನಮ್ಮ ಸ್ಟುಡಿಯೋ ಕಂಪ್ಯೂಟರಲ್ಲಿ ತೆಗೀಬೇಕು. ಊಟದ ಫೋಟೋ ವಿಡಿಯೋದವ್ರು ತೆಗೀಲಿ. ಪ್ರಿಂಟೇ ಹಾಕಿ ಅಮ್ಮಾವ್ರಿಗೆ ಕೊಟ್ಟು ಬರ್ತೀವಿ." ಎಲ್ಲಾ ಇದೆ ಎಂದೇನೋ ಹೇಳಿಬಿಟ್ಟೆ. ಇದೆಯೋ ಇಲ್ಲವೋ ನನಗೇನು ಗೊತ್ತಿತ್ತು?

ನನ್ನ ಸ್ಕೂಟರಿನ ಹಿಂದೆ ಅವರು ಕೂತರು. ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಜೇಬಿನ ಮೇಲೆ. ಏರ್‌ಪೋರ್ಟ್ ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ನುಗ್ಗುತ್ತಿದ್ದವು. ಅಷ್ಟರ ನಡುವೆ ನನ್ನ ಕಿವಿಯ ಹತ್ತಿರ ಅವರು ಹೇಳಿದರು: "ನಂಗೆ ಕಾಣ್ಸಲ್ಲ ಕಣಮ್ಮ."

ನಾನು ವೇಗ ಇಳಿಸಿದೆ.

"ಶುಗರ್ನಿಂದ ಬಲಗಣ್ಣು ಓಗೈತೆ. ಎಡಗಣ್ಣಾಗೆ ನಡುವೆ ಮಸಿ ಬಳ್ದಂಗೆ. ಇಂಜೆಕ್ಷನ್ ಕೊಟ್ರು, ಆಗ್ಲಿಲ್ಲ. ಅಣ್ಣಂಗೆ ಗೊತ್ತಾದ್ರೆ ನಾಳೆನೇ ಬಾಗ್ಲಾಕಿಸ್ತಾನೆ. ಸ್ಟುಡಿಯೋ ಇಲ್ದಿದ್ರೆ ನಾನು ಬೆಳಗಾಗೆದ್ದು ಎಲ್ಗೋಗ್ಲಿ?" ನನ್ನ ಭುಜ ಒತ್ತಿ, "ಅದ್ಕೇ ರಾ ಆಕ್ಸಿದ್ದು. ನಾನು ತೆಪ್ ಮಾಡಿದ್ರೆ ನೀನ್ ಸರಿ ಮಾಡ್ತೀಯ ಅಂತ."

ನನಗೆ ಅಳು ಬಂತು, ಸಿಟ್ಟೂ ಬಂತು. ನಾನೇನು ಸರಿ ಮಾಡುವವಳು? ದಾಸವಾಳ ತೆಗೆದುಕೊಂಡಿದ್ದವಳು ನಾನು.

ಸ್ಟುಡಿಯೊದಲ್ಲಿ ಕಾರ್ಡ್ ಹಾಕಿದೆ. ಮೊದಲ ಚಿತ್ರ ತೆರೆಯಿತು. ಅಂಗೈ. ಸ್ಪಷ್ಟವಾಗಿ, ರೇಖೆ ರೇಖೆ ಎಣಿಸುವಂತೆ. ನಾನು ಉಸಿರುಬಿಟ್ಟೆ. ಗಣಪತಿ ಪೂಜೆ ಚೆನ್ನಾಗಿತ್ತು. ಹುಡುಗಿ ಬರುವುದು ಚೆನ್ನಾಗಿತ್ತು. ಹಾರ ಬದಲಾಯಿಸುವುದೂ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಕಪ್ಪು. ಹಾರದ ನೂಕಾಟದಲ್ಲಿ ಯಾರ ಕೈಯೋ ತಗುಲಿ ಫ್ಲ್ಯಾಷ್ ಆಫ್ ಆಗಿಬಿಟ್ಟಿತ್ತು. ಸುತ್ತಮುತ್ತ ಫೋನುಗಳೆಲ್ಲ ಮಿಂಚುತ್ತಿದ್ದಾಗ ತಮ್ಮದು ಮಿಂಚಲಿಲ್ಲ ಎನ್ನುವುದು ಅವರಿಗೆ ಗೊತ್ತಾಗಿರಲಿಲ್ಲ. ತೆಗೆದ ಮೇಲೆ ಪರದೆ ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಅವರು ನೋಡಿದರೂ ಕಾಣುತ್ತಿರಲಿಲ್ಲ. ತಾಳಿಯ ಫೋಟೊಗಳೆಲ್ಲ ಕತ್ತಲು, ಆ ಕತ್ತಲಲ್ಲಿ ಮಂಟಪದ ನೇರಳೆ ದೀಪದ ಚೂರುಪಾರು.

"ಬಂತಾ?" ನನ್ನ ಕುರ್ಚಿಯ ಹಿಂದೆ ನಿಂತು ಕೇಳಿದರು.

ನಾನು ಮುಂದಿನ ಫೈಲನ್ನು ತೆರೆದೆ, ಅದೂ ಕಪ್ಪು.

"ಬಂತಾ ಏನಮ್ಮ? ಏನಾರ ಏಳು."

"ಕಪ್ಪಗಿದೆ ಸಾರ್. ಇರಿ."

ಪರದೆಯ ಮೇಲೆ ಬೆಳಕು ಹೆಚ್ಚಿಸುವ ಗುಂಡಿಯನ್ನು ಮೆಲ್ಲಗೆ ಬಲಕ್ಕೆ ಎಳೆದೆ. ಇನ್ನಷ್ಟು ಎಳೆದೆ. ಮೊದಲು ತಾಳಿಯ ಚಿನ್ನ ಕಂಡಿತು. ಆಮೇಲೆ ಹುಡುಗನ ಬೆರಳುಗಳು. ಆಮೇಲೆ ನೇರಳೆ ಬಣ್ಣದ ಒಂದು ಮುಖ. ಬಣ್ಣವನ್ನು ಸರಿಪಡಿಸಬೇಕಾದರೆ ಯಾವುದನ್ನು ನೋಡಿ ಸರಿಪಡಿಸಲಿ? ಅವರ ಅಂಗೈಯ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡೆ. ಆ ಚರ್ಮದ ಬಣ್ಣ ಹುಡುಗಿಯ ಅಂಗೈಗೆ ಬರುವವರೆಗೂ ನೇರಳೆಯನ್ನು ಇಳಿಸುತ್ತ ಹೋದೆ. ಜೆಪೆಗ್ ಆಗಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಕಲಸಿಹೋಗುತ್ತಿತ್ತು. ಇದರಲ್ಲಿ ಮರಳು ಮರಳಾಗಿಯಾದರೂ ಮುಖ ಉಳಿಯಿತು. ಹುಡುಗಿ ತಲೆ ತಗ್ಗಿಸಿ ಅಳುತ್ತಿದ್ದಳು, ಪಕ್ಕದಲ್ಲಿ ಅವಳ ಅಪ್ಪ, ಆ ದೊಡ್ಡ ಮನುಷ್ಯರು, ಶಲ್ಯದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಅಷ್ಟು ಜನರ ಕೈಗಳ ನಡುವೆ ಆ ಒಂದು ಸಂದು ಅವರಿಗೆ ಹೇಗೆ ಸಿಕ್ಕಿತೋ ನನಗೆ ಇವತ್ತಿಗೂ ತಿಳಿಯದು.

"ಬಂತು ಸಾರ್" ಅಂದೆ. "ಅಣ್ಣಾವ್ರು ಅಳ್ತಿದ್ದಾರೆ."

ಅವರು ಗೋಡೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದರು. "ಎಷ್ಟ್ ಕಪ್ಪಗಿತ್ತು? ನಿಜ ಏಳು."

"ಪೂರ್ತಿ ಸಾರ್."

"ಊಂ" ಅಂದರು.

ಪ್ರಿಂಟು ಹಿಡಿದು ಅಮೃತಹಳ್ಳಿಗೆ ಹೋದೆವು. ತಾಯಿ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿ, ಬಾಗಿಲನ್ನೇ ನೋಡುತ್ತ ಕಾದಿದ್ದರು. ನಾನು ಒಳಗೆ ಹೋಗಿ ಫೋಟೊ ಕೈಗಿಟ್ಟೆ. ಆಕೆ ಅದನ್ನು ನೋಡಲಿಲ್ಲ. ನನ್ನ ಹಿಂದೆ ಬರುತ್ತಿದ್ದ ಮಗನನ್ನು ನೋಡುತ್ತಿದ್ದರು. ಹುಟ್ಟಿ ಬೆಳೆದ ಮನೆಯ ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟ ಕಾಲನ್ನು ಮುಂದೆ ಚಾಚಿ ತಡಕುತ್ತಿದ್ದರು.

"ಯಾಕಪ್ಪ?" ಅಂದರು ತಾಯಿ. "ಒಸ್ಲು ಎಲ್ಲೈತೆ ಅಂತ ಮರ್ತೋಯ್ತಾ ನಿಂಗೆ?"

ಮದುಮಕ್ಕಳನ್ನು ಅಜ್ಜಿಯ ಆಶೀರ್ವಾದಕ್ಕೆ ಕರೆತಂದ ಅಣ್ಣ ಆಗಲೇ ಕಾರು ಇಳಿದು ಅಂಗಳದಲ್ಲಿ ನಿಂತಿದ್ದರು. ಅವರೂ ಕೇಳಿಸಿಕೊಂಡರು, ಕಂಡರು. ನಾನು ಇನ್ನೇನು ಕೂಗಾಟ ಶುರುವಾಗುತ್ತದೆ ಎಂದು ಗೋಡೆಗೆ ಅಂಟಿಕೊಂಡೆ. ಅಣ್ಣ ಮೆಟ್ಟಿಲು ಹತ್ತಿ ಬಂದು ತಮ್ಮನ ಕೈ ಹಿಡಿದು ಹೊಸಿಲು ದಾಟಿಸಿದರು. "ಏಳ್ಬಾರ್ದೇನೋ" ಅಂದರು, ಅಷ್ಟೆ. ಫೋಟೊದಲ್ಲಿ ಅಳುತ್ತಿದ್ದ ಹಾಗೆಯೇ ಅಳುತ್ತಿದ್ದರು. ಸ್ಟುಡಿಯೊದ ಬಾಗಿಲು ಹಾಕಿಸುವ ಮಾತು ಅಣ್ಣ ಆಮೇಲೆ ಎಂದೂ ಎತ್ತಲಿಲ್ಲ.

ಅವರು ಮತ್ತೆ ಕ್ಯಾಮೆರಾ ಹಿಡಿಯಲಿಲ್ಲ. ಅದನ್ನು ನನ್ನ ಕೊರಳಿಗೆ ಹಾಕಿದರು. ನಾನು ರಾ, ಜೆಪೆಗ್ ಎರಡೂ ತೆಗೆಯತೊಡಗಿದೆ, ಕಾಯುವವರಿಗೆ ದೋಸೆ, ನನ್ನ ಹೆದರಿಕೆಗೆ ಹಿಟ್ಟು. ಕ್ಯಾಮೆರಾ ನಿಧಾನವಾದರೆ ಆಗಲಿ, ನಾನೂ ನಿಧಾನವೇ. ಮದುವೆಗಳಿಗೆ ಅವರು ಬರುವುದನ್ನು ಮಾತ್ರ ಬಿಡಲಿಲ್ಲ. ಅಣ್ಣ ಕಾರಿನಲ್ಲಿ ಕರೆತಂದು ಬಿಡುತ್ತಿದ್ದರು, ನಾನು ಕೈ ಹಿಡಿದು ಮಂಟಪ ಹತ್ತಿಸುತ್ತಿದ್ದೆ. ಮದುಮಕ್ಕಳು ಕೂರುವ ಜಾಗದಲ್ಲಿ ನಿಂತು ಅವರು ಅಂಗೈ ಎತ್ತುತ್ತಿದ್ದರು, ನಾನು ತೆಗೆಯುತ್ತಿದ್ದೆ. ನೋಡಿದವರು ಯಾರೋ ಹಿರಿಯರು ಹರಸುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಒಬ್ಬ ಮದುಮಗ ಕಾಲಿಗೂ ಬಿದ್ದ. "ಫ್ಲ್ಯಾಷ್ ಆನ್ ಐತಾ ನೋಡ್ಕೊ" ಎಂದು ಅವರು ಆಶೀರ್ವಾದ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ ಪ್ರತಿ ಸಲವೂ ಕೇಳುತ್ತಿದ್ದರು.

"ಎದ್ರಿಕೆ ಆಯ್ತಾ?"

"ಆಯ್ತು ಸಾರ್."

"ಅಂಗಾರೆ ಓಗು."

ಹೋದ ವಾರ ಯಲಹಂಕದಲ್ಲಿ ಒಂದು ಮದುವೆಯಿತ್ತು, ಅವರು ಹೋದ ಮೇಲೆ ನಾನು ಒಪ್ಪಿಕೊಂಡ ಮೊದಲನೆಯದು. ಹೊಟ್ಟೆ ಹೇಳಿದ ಮಾತು ಕೇಳಲಿಲ್ಲ, ಟಾಯ್ಲೆಟ್ಟಿಗೆ ಹೋಗಿಬಂದೆ. ಮಂಟಪ ಹತ್ತಿ, ಬೆಳಕಿಗೆ ನನ್ನದೇ ಎಡ ಅಂಗೈ ಹಿಡಿದೆ. ಫೋಟೊ ಮಸುಕಾಗಿ ಬಂತು. ಇನ್ನೊಂದು ತೆಗೆದೆ, ಅದೂ ಮಸುಕು. ಕೆಳಗೆ, ಪ್ರತಿ ಮದುವೆಯಲ್ಲೂ ಅವರು ಕೂರುತ್ತಿದ್ದ ಮೊದಲ ಸಾಲಿನ ತುದಿಯ ಕುರ್ಚಿಯನ್ನು ನೋಡಬಾರದು ಅಂದುಕೊಂಡಿದ್ದೆ, ನೋಡಿದೆ. ಯಾರದೋ ಹ್ಯಾಂಡ್‌ಬ್ಯಾಗ್ ಕೂತಿತ್ತು.

"ಆಯ್ತು ಸಾರ್" ಅಂದೆ, ಗಟ್ಟಿಯಾಗಿಯೇ.

ಪಕ್ಕದಲ್ಲಿ ವಿಡಿಯೊ ಕ್ಯಾಮೆರಾ ನಿಲ್ಲಿಸುತ್ತಿದ್ದವನು ತಿರುಗಿ ನೋಡಿದ. "ಏನ್ ಆಯ್ತು ಮೇಡಂ?"

"ಹೆದ್ರಿಕೆ" ಅಂದೆ. ಅಂಗೈ ಮತ್ತೆ ಎತ್ತಿದೆ.